ತೊಂಬತ್ತೆರಡು ಅಂಕದ ದ್ರಾಕ್ಷಾರಿಷ್ಟ

ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ವಾರದ ಆರು ದಿನ ಧಾರವಾಡದ ಸುತ್ತಲಿನ ಹೆಂಗಸರನ್ನೆಲ್ಲ ಕಟ್ಟಿಕೊಂಡು ಸಾರಾಯಿ ಅಂಗಡಿಗಳ ಮುಂದೆ ಜಮಖಾನೆ ಹಾಸಿ ಧರಣಿ ಕೂಡುತ್ತಿದ್ದಳು. ಏಳನೆಯ ದಿನ, ಭಾನುವಾರ, ಸ್ಕೂಟರಿನಲ್ಲಿ ನನ್ನ ಹಿಂದೆ ಕೂತು ಮಲಪ್ರಭೆಯ ದಂಡೆಯ ಹಳ್ಳಿಗಳನ್ನು ಸುತ್ತಿ, ಯಾವ ವೈದ್ಯನ ಮನೆಯ ಗಡಿಗೆಯಲ್ಲಿ ದ್ರಾಕ್ಷಿ ಹುಳಿಸಿ ಮಾಡುವ ಔಷಧ, ದ್ರಾಕ್ಷಾರಿಷ್ಟ, ಹದವಾಗಿ ಬಂದಿದೆ ಎಂದು ರುಚಿ ನೋಡುತ್ತಿದ್ದಳು. ಎರಡೂ ಕೆಲಸಗಳನ್ನು ಆಕೆ ಒಂದೇ ಶ್ರದ್ಧೆಯಿಂದ ಮಾಡಿದಳು. ಎರಡರ ನಡುವೆ ಏನಾದರೂ ಸಂಬಂಧವಿದೆ ಎಂದು ಆಕೆಗೆ ಅನಿಸಿರಲಿಲ್ಲ. ನನಗೆ ಅನಿಸಿತ್ತು. ಆದರೆ ನಾನು ಬಾಯಿ ಬಿಡಲಿಲ್ಲ, ಏಕೆಂದರೆ ಪೆಟ್ರೋಲು ಅತ್ತೆಯದು, ಸ್ಕೂಟರು ಅಪ್ಪನದು, ತಿರುಗಾಟ ಮಾತ್ರ ನನ್ನದು. ಬಿ.ಎ. ಮುಗಿಸಿ ಮನೆಯಲ್ಲಿ ಕೂತ ಹುಡುಗಿಗೆ ತೊಂಬತ್ತರ ದಶಕದ ಧಾರವಾಡದಲ್ಲಿ ಇಷ್ಟು ಚಂದದ ಅವಕಾಶ ಇನ್ನಾರು ಕೊಡುತ್ತಿದ್ದರು?

ಅತ್ತೆ ಹೆಣ್ಣುಮಕ್ಕಳ ಶಾಲೆಯ ಮುಖ್ಯಾಧ್ಯಾಪಕಿಯಾಗಿ ನಿವೃತ್ತಳಾದವಳು. ಇಪ್ಪತ್ತಾರಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದು, ಆ ಮನೆಯನ್ನೇ ಇನ್ನೊಂದು ಶಾಲೆ ಮಾಡಿಕೊಂಡಿದ್ದಳು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕಾವರು ಅನ್ನುತ್ತಾರೆ. ಓಣಿಗೆ ಓಣಿಯೇ ಆಕೆಗೆ ಅಕ್ಕಾವರು ಅನ್ನುತ್ತಿತ್ತು, ಹಾಲಿನವನಿಂದ ಹಿಡಿದು ಪೋಸ್ಟಿನವನವರೆಗೆ. ಅಪ್ಪ, ಐವತ್ತು ದಾಟಿದ ಗಂಡಸು, ಆಕೆ ಪಡಸಾಲೆಗೆ ಬಂದರೆ ಕಾಲು ಮಡಚಿ ಕೂಡುತ್ತಿದ್ದ. ನಗು ಅನ್ನುವುದು ಆಕೆಯ ಪಠ್ಯಕ್ರಮದಲ್ಲಿ ಇರಲಿಲ್ಲ.

ನಿವೃತ್ತಿಯಾದ ವರ್ಷ ಆಕೆಗೆ ಹೊಟ್ಟೆಯಲ್ಲಿ ವಾಯು ಶುರುವಾಯಿತು. ಡಾಕ್ಟರರ ಗುಳಿಗೆ ನಾಟಲಿಲ್ಲ. ಸಂತೆಗೆ ಬರುತ್ತಿದ್ದ ಒಬ್ಬ ನಾಟಿ ವೈದ್ಯ ಒಂದು ಬಾಟಲಿ ದ್ರಾಕ್ಷಾರಿಷ್ಟ ಕೊಟ್ಟು, ಊಟದ ನಂತರ ಸಮ ನೀರು ಬೆರೆಸಿ ನಾಲ್ಕು ಚಮಚ ತೆಗೆದುಕೊಳ್ಳಿ ಅಂದ. ಆಕೆ ಆ ಲೆಕ್ಕವನ್ನು ಒಂದು ದಿನವೂ ಮೀರಲಿಲ್ಲ. ಸಾಯುವ ತನಕ ಕೇಳಿದ್ದರೂ ನಾಲ್ಕೇ ಚಮಚ ಅನ್ನುತ್ತಿದ್ದಳು. ಬದಲಾದದ್ದು ಚಮಚ. ಮೊದಲ ತಿಂಗಳು ಚಹಾದ ಚಮಚ, ಆಮೇಲೆ ಅವಲಕ್ಕಿ ತಿನ್ನುವ ಚಮಚ, ದೀಪಾವಳಿ ಹೊತ್ತಿಗೆ ಸಾರಿನ ಸೌಟು. ಅವ್ವ ಒಂದು ಸಲ ಸೌಟು ಹುಡುಕಿ ಸುಸ್ತಾಗಿ, "ವೈನಿ, ಔಷಧ ತೊಗೊಂಡಾದ ಮ್ಯಾಲೆ ಸಾರಿನ ಸೌಟು ಕೊಡ್ರಿ" ಅಂದಳು. ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಪೇಪರು ನಡುಗುತ್ತಿತ್ತು.

ನಗೆಯಾಡಿದೆ ಅಂತ ನೀವು ಆಕೆಯನ್ನು ಕೀಳಾಗಿ ನೋಡಬಾರದು. ಆ ನಾಲ್ಕು ಸೌಟು ಇಳಿದು ಅರ್ಧ ತಾಸಿಗೆ ನಮ್ಮ ಮನೆಯಲ್ಲಿ ಬೇರೆಯೇ ಒಬ್ಬ ಹೆಂಗಸು ಕೂತಿರುತ್ತಿದ್ದಳು. ಟ್ರೇನಿಂಗ್ ಕಾಲೇಜಿನಲ್ಲಿದ್ದಾಗ ಗೆಳತಿಯರ ಜೊತೆ ಹಿತ್ತಲ ಗೋಡೆ ಹಾರಿ ಕಂಪನಿ ನಾಟಕ ನೋಡಿದ್ದು, ವಾರ್ಡನ್ ಹಿಡಿದಾಗ ತಾನು ಸತ್ತವಳಂತೆ ನೆಲಕ್ಕೆ ಬಿದ್ದದ್ದು, ಗಂಡ ಮೊದಲ ಸಲ ಊರಿಗೆ ಕರಕೊಂಡು ಹೋಗುವಾಗ ಚಕ್ಕಡಿಯಲ್ಲಿ ಇಬ್ಬರೂ ಶೇಂಗಾ ತಿಂದದ್ದು, ಸಿಪ್ಪೆ ಎಲ್ಲಿ ಹಾಕಬೇಕೆಂದು ತಿಳಿಯದೆ ಆತ ಜೇಬು ತುಂಬಿಕೊಂಡದ್ದು, ಎಲ್ಲ ಹೇಳುತ್ತಿದ್ದಳು. ಹೇಳುತ್ತ ನನ್ನ ತೊಡೆಗೆ ಹೊಡೆದು ನಗುತ್ತಿದ್ದಳು. ಆ ಅತ್ತೆ ನನಗೆ ಬಹಳ ಬೇಕಾಗಿದ್ದಳು. ಹಗಲಿನ ಅತ್ತೆಯನ್ನು ಕಂಡರೆ ನನಗೆ ಅಂಜಿಕೆ, ಊಟವಾದ ಮೇಲಿನ ಅತ್ತೆಯ ಮೇಲೆ ಜೀವ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಒಂದು ವರ್ಷವಾದ ಮೇಲೆ ಆ ಸಂತೆಯ ವೈದ್ಯ ಬರುವುದು ನಿಂತಿತು. ಅಂಗಡಿಯಲ್ಲಿ ಸಿಗುವ ಕಂಪನಿ ಬಾಟಲಿ ತಂದುಕೊಟ್ಟರೆ ಅತ್ತೆ ಒಂದು ಗುಟುಕು ನೋಡಿ, "ಇದು ಕಾಪಿ ಹೊಡದು ಪಾಸಾದದ್ದು" ಅಂದು ತುಳಸಿ ಕಟ್ಟೆಯ ಪಕ್ಕಕ್ಕೆ ಚೆಲ್ಲಿದಳು. ಮರುದಿನ ನನ್ನನ್ನು ಹೊರಡಿಸಿಕೊಂಡು ಹಳೇ ಹುಬ್ಬಳ್ಳಿಗೆ ಹೋದಳು. ಅಲ್ಲಿ ಒಂದು ಸಂದಿಯಲ್ಲಿ ಬೇರು, ತೊಗಟೆ, ಒಣ ಹೂಗಳನ್ನು ಮಾರುವ ಒಬ್ಬ ಸಾಬರ ಅಂಗಡಿ ಇತ್ತು. ತಲೆಮಾರಿನಿಂದ ಅದೇ ವ್ಯಾಪಾರ. ಗೋಣಿಚೀಲಗಳ ನಡುವೆ ಕೂತ ಆ ಹಿರಿಯರು ಅತ್ತೆಯ ಮಾತು ಪೂರ್ತಿ ಕೇಳಿ, ಒಂದು ಚೀಲದಿಂದ ಮುಷ್ಟಿ ತುಂಬ ಕೆಂಪು ಒಣ ಹೂ ತೆಗೆದು ತೋರಿಸಿದರು.

"ಇದು ಧಾಯಟಿ ಹೂವು, ಅಕ್ಕಾವರ. ಇದಿಲ್ಲದ ಯಾವ ಅರಿಷ್ಟಾನೂ ಹುಳಿ ಬರೂದಿಲ್ಲ. ಯಾರು ನನ್ನ ಕಡೆ ಇದನ್ನ ಒಯ್ತಾರೋ ಅವರ ಮನ್ಯಾಗ ಗಡಿಗಿ ಕುಂತೈತಿ ಅಂತ ತಿಳೀರಿ."

"ಹಂಗಾದ್ರ ಯಾರ್‍ಯಾರು ಒಯ್ತಾರ ಹೇಳ್ರಿ."

"ಔಷಧ ಬೇಕೋ, ಪತ್ತೆ ಬೇಕೋ?" ಅಂತ ಅವರು ನಕ್ಕರು. ಆದರೂ ಊರುಗಳನ್ನು ಹೇಳಿದರು. ಗರಗದ ಕಡೆ ಒಬ್ಬ, ತುಪ್ಪರಿ ಹಳ್ಳದ ದಂಡೆಗೆ ಒಬ್ಬ, ಸವದತ್ತಿಯ ದಾರಿಯಲ್ಲಿ ಇಬ್ಬರು, ಮಲಪ್ರಭೆ ದಾಟಿದ ಮೇಲೆ ಒಬ್ಬ ಮುದುಕ. ಅತ್ತೆ ನನ್ನ ಕೈಗೆ ನೋಟಬುಕ್ಕು ಕೊಟ್ಟು ಎಲ್ಲ ಬರೆಸಿದಳು. ಪೊಲೀಸರು ಕೂಡ ಇಷ್ಟು ಲಗೂನೆ ಪತ್ತೆ ಮಾಡುತ್ತಿರಲಿಲ್ಲ.

ಹೀಗೆ ನಮ್ಮ ಭಾನುವಾರಗಳು ಶುರುವಾದವು. ಅತ್ತೆಯ ಬಳಿ ಒಂದು ಅಂಕಪಟ್ಟಿ ಇತ್ತು. ಬಣ್ಣಕ್ಕೆ ಇಪ್ಪತ್ತು, ವಾಸನೆಗೆ ಇಪ್ಪತ್ತು, ರುಚಿಗೆ ನಲವತ್ತು, ನಡತೆಗೆ ಇಪ್ಪತ್ತು. ಔಷಧಕ್ಕೆ ಎಂಥ ನಡತೆ ಎಂದು ನಾನು ಕೇಳಿದೆ. "ಹೊಟ್ಟಿಗೆ ಹೋದ ಮ್ಯಾಲೆ ಹ್ಯಾಂಗ ನಡಕೋತೈತಿ ಅಂತ ನೋಡಬೇಕಲ್ಲ. ಕೆಲವು ಹುಡುಗ್ಯಾರು ಮಾಸ್ತರ ಮುಂದ ಶಾಣ್ಯಾ ಇರ್ತಾರ, ಹೊರಗ ಹೋದಕೂಡ್ಲೆ ಗದ್ದಲ ಹಾಕ್ತಾರ" ಅಂದಳು. ಗರಗದ ಕಡೆಯ ವೈದ್ಯನದು ಬರೀ ಬೆಲ್ಲದ ಪಾಕ, ನಲವತ್ತೊಂದು. ಹಳ್ಳದ ದಂಡೆಯವನು ಮಣ್ಣಿನ ಗಡಿಗೆ ಬಿಟ್ಟು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಾಕಿದ್ದ. ಅತ್ತೆ ರುಚಿ ಕೂಡ ನೋಡದೆ ಸೊನ್ನೆ ಹಾಕಿ, ಅವನಿಗೆ ನಿಂತ ನಿಲುವಿನಲ್ಲಿ ಹತ್ತು ನಿಮಿಷ ಪಾಠ ಮಾಡಿದಳು. ಪಾಪ, ಆತ ಕೈ ಕಟ್ಟಿಕೊಂಡು ಕೇಳಿದ. ಸವದತ್ತಿ ದಾರಿಯ ಇಬ್ಬರಲ್ಲಿ ಒಬ್ಬನದು ಅರವತ್ತೆಂಟು, ಇನ್ನೊಬ್ಬನದು ಅರವತ್ತೇಳು. ಒಂದು ಅಂಕ ಏಕೆ ಕಡಿಮೆ ಎಂದರೆ ಅವನ ಮನೆಯ ನಾಯಿ ಬೊಗಳಿತ್ತು.

ನದಿ ದಾಟಿದ ಮೇಲೆ ಸಿಕ್ಕ ಮುದುಕ ಮಾತ್ರ ಬೇರೆ. ಊರ ಹೊರಗೆ, ಹುಣಸೆಮರದ ಪಕ್ಕ ಎರಡು ಅಂಕಣದ ಮನೆ. ಒಂಟಿ ಜೀವ. ಅವನ ಗಡಿಗೆಗಳು ಕಣ್ಣಿಗೆ ಬೀಳುತ್ತಿರಲಿಲ್ಲ. ಹಿಂದೆ ಜೋಳ ತುಂಬಿಡುತ್ತಿದ್ದ ಹಗೇವು, ನೆಲದೊಳಗಿನ ಕಣಜ, ಅವನ ಅಂಗಳದಲ್ಲಿ ಇತ್ತು. ಅದರಲ್ಲಿ ಇಳಿಸಿ ಸುತ್ತ ಜೋಳದ ಹೊಟ್ಟು ತುಂಬುತ್ತಿದ್ದ. ವಿಜಾಪುರದ ಒಣದ್ರಾಕ್ಷಿ ಕುದಿಸಿ, ಬೆಲ್ಲ ಕರಗಿಸಿ, ಲವಂಗ ಮೆಣಸು ದಾಲ್ಚಿನ್ನಿ ಕುಟ್ಟಿ ಹಾಕಿ, ಧಾಯಟಿ ಹೂ ಉದುರಿಸಿ, ಬಾಯಿಗೆ ಅರಿವೆ ಕಟ್ಟಿ ಮಣ್ಣು ಮೆತ್ತಿ ಒಂದು ತಿಂಗಳು ಬಿಡುವುದು. ನಾವು ಹೋದ ದಿನ ಒಂದು ಗಡಿಗೆ ಮೇಲೆ ಬಂದಿತ್ತು. ಅವನು ಬಾಯಿಯ ಮಣ್ಣು ಒಡೆದು ಅರಿವೆ ಬಿಚ್ಚುವ ಮುಂಚೆ ಗಡಿಗೆಗೆ ಕಿವಿ ಇಟ್ಟು ಕಣ್ಣು ಮುಚ್ಚಿದ. ಆಮೇಲೆ ಅತ್ತೆಗೆ, "ನೀವೂ ಕೇಳ್ರಿ ಅಕ್ಕಾವರ" ಅಂದ.

ಅತ್ತೆ ಮೊಣಕಾಲೂರಿ ಗಡಿಗೆಗೆ ಕಿವಿ ಹಚ್ಚಿದಳು. "ಏನೂ ಕೇಳಿಸೂದಿಲ್ಲ."

"ಅದ ಬೇಕಾಗಿದ್ದು. ಮಾತಾಡೂದು ಮುಗಿಸೇತಿ ಅಂದ್ರ ಹಣ್ಣಾಗೇತಿ ಅಂತ ಅರ್ಥ."

ಅರಿವೆ ಬಿಚ್ಚಿ, ಕಡ್ಡಿ ಗೀರಿ ಗಡಿಗೆಯ ಬಾಯಿಗೆ ಹಿಡಿದ. ಕಡ್ಡಿ ಆರಲಿಲ್ಲ. ಇನ್ನೂ ಹುಳಿ ಬರುತ್ತಿದ್ದರೆ ಒಳಗಿನ ಗಾಳಿ ಕಡ್ಡಿಯನ್ನು ಆರಿಸಿಬಿಡುತ್ತದಂತೆ. ಅತ್ತೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು ನಾಲಗೆಯ ಮೇಲೆ ಹೊರಳಿಸಿದಳು. ಆಮೇಲೆ ನೋಟಬುಕ್ಕು ಇಸಿದುಕೊಂಡು ತನ್ನ ಕೈಯಿಂದಲೇ ತೊಂಬತ್ತೆರಡು ಎಂದು ಬರೆದು, ಅಡಿಗೆ ಗೆರೆ ಎಳೆದಳು. ಮೂವತ್ತೈದು ವರ್ಷದ ಮಾಸ್ತರಿಕೆಯಲ್ಲಿ ಆಕೆ ಯಾರಿಗೂ ತೊಂಬತ್ತು ದಾಟಿಸಿರಲಿಲ್ಲ. ನನಗೆ ಗೊತ್ತು, ನಾನೂ ಆಕೆಯ ಕೈಯಲ್ಲಿ ಕಲಿತವಳೇ. ಎಂಟು ಅಂಕ ಏಕೆ ಕಳೆದಿರಿ ಎಂದು ಮುದುಕ ಕೇಳಿದ. "ಬಾಟ್ಲಿಗೆ ಪೇಪರಿನ ಬಿರಡಿ ಹಾಕಿದ್ದಕ್ಕ" ಅಂದಳು. ಮುಂದಿನ ಸಲ ಹೋದಾಗ ಅವನು ಕಟ್ಟಿಗೆ ಕೆತ್ತಿ ಬಿರಡೆ ಮಾಡಿಟ್ಟಿದ್ದ. ಅತ್ತೆ ಅಂಕ ಮಾತ್ರ ಏರಿಸಲಿಲ್ಲ.

ಅಲ್ಲಿಂದ ಮುಂದೆ ಹನ್ನೊಂದು ಹನ್ನೆರಡು ವರ್ಷ ನಾವು ಬೇರೆ ಗಡಿಗೆಗಳ ಕಡೆ ಹೆಚ್ಚು ಹೋಗಲಿಲ್ಲ. ನಡುವೆ ನನಗೆ ಹುಬ್ಬಳ್ಳಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಸ್ಕೂಟರು ಎರಡು ಸಲ ಬದಲಾಯಿತು. ತಿಂಗಳಿಗೊಂದು ಭಾನುವಾರ ಮಾತ್ರ ತಪ್ಪಲಿಲ್ಲ. ಹೋದಾಗಲೆಲ್ಲ ಮುದುಕ ರೊಟ್ಟಿ, ಪುಂಡಿ ಪಲ್ಯ ಹಾಕುತ್ತಿದ್ದ. ಅತ್ತೆ ಅವನ ಹಳೆಯ ಔಷಧದ ಪುಸ್ತಕದ ಮುದ್ರಣದೋಷ ತಿದ್ದಿಕೊಡುತ್ತಿದ್ದಳು. ಬರುವಾಗ ಊರ ಹೊರಗಿನ ಕೆರೆಯ ಹತ್ತಿರ ಗಾಡಿ ನಿಲ್ಲಿಸಲು ಹೇಳಿ, ಸೆರಗು ಕೊಡವಿ, ಗಾಳಿಗೆ ಮುಖ ಕೊಟ್ಟು, ಐದು ನಿಮಿಷ ನಿಂತು, "ಈಗ ನಡಿ, ಮುಖ ನೆಟ್ಟಗಾತು" ಅನ್ನುತ್ತಿದ್ದಳು. ನಾನು ಒಮ್ಮೆ ಆಕೆಯ ಬಾಟಲಿಯಿಂದ ಅರ್ಧ ಕದ್ದು ಕುಡಿದು, ಕಡಿಮೆಯಾದಷ್ಟಕ್ಕೆ ದ್ರಾಕ್ಷಿ ನೆನೆಸಿದ ನೀರು ಹಾಕಿದೆ. ರಾತ್ರಿ ಊಟವಾದ ಮೇಲೆ ಆಕೆ ಒಂದು ಸೌಟು ಕುಡಿದು ನನ್ನ ಮುಖ ನೋಡಿದಳು. "ತೊಂಬತ್ತೆರಡು ತೊಗೊಂಡ ಕೂಸು ಒಂದ ವಾರದಾಗ ಹ್ಯಾಂಗ ಫೇಲಾತು? ಯಾರೋ ಇದರ ಸಂಗತಿ ಕೂಡ್ಯಾರ." ನಾನು ಎದ್ದು ಹೋಗಿ ಪಾತ್ರೆ ತೊಳೆದೆ.

ಧೈರ್ಯ ಮಾಡಿ ಒಮ್ಮೆ ಕೇಳಿಯೂ ಕೇಳಿದೆ. "ಅತ್ತಿ, ಖರೇ ಹೇಳು. ಇದರಾಗೂ ಅಮಲು ಐತಿ, ಹೌದಲ್ಲೋ?"

"ಔಷಧದಾಗ ಗುಣ ಇರತೈತಿ, ಅಮಲು ಇರೂದಿಲ್ಲ" ಅಂದಳು. ಅಷ್ಟರ ಮೇಲೆ ಆ ವಿಷಯ ಮುಗಿಯಿತು. ಆಕೆ ಸುಳ್ಳು ಹೇಳಲಿಲ್ಲ. ಆಕೆ ಹಾಗೆಯೇ ನಂಬಿದ್ದಳು.

ಸರ್ಕಾರ ಸಾರಾಯಿ ಪಾಕೀಟು ಬಂದ್ ಮಾಡಿದ ವರ್ಷ ಧಾರವಾಡದ ಹೆಂಗಸರು ಅತ್ತೆಗೆ ಹಾರ ಹಾಕಿ ಮೆರವಣಿಗೆ ಮಾಡಿದರು. ನಮ್ಮ ಓಣಿಯಲ್ಲಿ ಎಲ್ಲರಿಗೂ ಫೇಡೆ ಹಂಚಿದೆವು. ಅದಾಗಿ ಐದಾರು ತಿಂಗಳಿಗೆ ಒಂದು ಮುಂಜಾನೆ ಸವದತ್ತಿ ಕಡೆಯ ಹಳ್ಳಿಯಿಂದ ಹೆಂಗಸರು ಟೆಂಪೋ ಮಾಡಿಕೊಂಡು ಮನೆಗೆ ಬಂದರು. ಇಪ್ಪತ್ತು ಮಂದಿ ಇದ್ದಿರಬೇಕು. ಮುಂದೆ ನಿಂತು ಮಾತಾಡಿದವಳು ಹಸಿರು ಸೀರೆಯ, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಎಡಗೈಯಲ್ಲಿ ಬಳೆ ಇದ್ದವು, ಬಲಗೈ ಬೋಳು. ಮಣಿಕಟ್ಟಿನ ಮೇಲೆ ಗಾಯ ಇನ್ನೂ ಒಣಗಿರಲಿಲ್ಲ.

"ಅಕ್ಕಾರ, ಸಾರಾಯಿ ಬಂದ್ ಆತಂತ ನಾವೂ ನಿಮ್ಮಂಗ ಫೇಡೆ ತಿಂದಿವ್ರಿ. ಈಗ ನಮ್ಮ ಗಂಡಸರು ಹೊಸಾ ಜಾಗಾ ಹುಡುಕ್ಯಾರ. ಹೊಳಿ ಆಚಿ ಒಬ್ಬಾಂವ ಗಡಿಗ್ಯಾಗ ಮಾಡಿ ಕೊಡಾಕತ್ತಾನ. ಇವತ್ತ ಹೋಗಿ ಎಲ್ಲಾ ಒಡಿಯೋರದೀವಿ. ಮೊದಲನೇ ಏಟು ನಿಮ್ಮ ಕೈಲಿಂದ ಬೀಳಬೇಕ್ರಿ."

ಅತ್ತೆಗೆ ಆಗ ಎಪ್ಪತ್ತು. ಕೇಳಿದ್ದೇ ತಡ, ಚಪ್ಪಲಿ ಮೆಟ್ಟಿದಳು. ನಾನು ಆ ದಿನ ತವರಿಗೆ ಬಂದಿದ್ದೆ, ನನ್ನನ್ನೂ ಎಳೆದುಕೊಂಡಳು. ಟೆಂಪೋದಲ್ಲಿ ಆಕೆಯನ್ನು ಡ್ರೈವರನ ಪಕ್ಕ ಕೂಡಿಸಿದರು, ನಾನು ಆಕೆಗೆ ಒತ್ತಿಕೊಂಡು ಕೂತೆ. ಹಿಂದೆ ಹೆಂಗಸರು ಹಾಡು ಹೇಳುತ್ತಿದ್ದರು, ಅತ್ತೆ ಕುಡಿತದಿಂದ ಆಗುವ ಹಾನಿಯ ಬಗ್ಗೆ ಡ್ರೈವರನಿಗೆ ಪಾಠ ಮಾಡುತ್ತಿದ್ದಳು. ಹೊಳೆ ಆಚೆ ಅಂದಾಗಲೇ ನನಗೆ ಸ್ವಲ್ಪ ಅನುಮಾನ ಬಂದಿತ್ತು. ಆದರೆ ಹೊಳೆ ಆಚೆ ಎಷ್ಟು ಊರಿಲ್ಲ? ಸೇತುವೆ ದಾಟಿ ಟೆಂಪೋ ಎಡಕ್ಕೆ ಹೊರಳಿದಾಗ ಅತ್ತೆಯ ಪಾಠ ಸಣ್ಣಗಾಯಿತು. ಹುಣಸೆಮರ ಕಂಡಾಗ ಪೂರ್ತಿ ನಿಂತಿತು. ನಾನು ಆಕೆಯ ಕಡೆ ನೋಡಿದೆ. ಮೊದಲು ನನಗೆ ನಗು ಬಂತು, ಸುಳ್ಳೇಕೆ ಹೇಳಲಿ. ಹನ್ನೆರಡು ವರ್ಷ ನಾನು ಕಾದ ತಮಾಷೆ ಅದು. ಆಮೇಲೆ ಆಕೆಯ ಕೈ ನನ್ನ ಕೈ ಹಿಡಿಯಿತು. ನನ್ನ ನಗು ಅಲ್ಲಿಗೆ ಮುಗಿಯಿತು.

ಹೆಂಗಸರು ದಡದಡ ಇಳಿದು ಅಂಗಳಕ್ಕೆ ನುಗ್ಗಿದರು. ನಾಲ್ವರು ಹಗೇವಿಗೆ ಇಳಿದು ಗಡಿಗೆಗಳನ್ನು ಒಂದೊಂದಾಗಿ ಮೇಲೆ ಎತ್ತಿ ಸಾಲಾಗಿ ಇಟ್ಟರು. ಆರು ದೊಡ್ಡವು, ಒಂದು ಸಣ್ಣದು. ಗದ್ದಲ ಕೇಳಿ ಮುದುಕ ಹೊರಗೆ ಬಂದ. ಅತ್ತೆಯನ್ನು ಕಂಡ ಕೂಡಲೇ ಅವನ ಮುಖ ಅರಳಿತು, ಬರ್ರಿ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಹಸಿರು ಸೀರೆಯವಳು ಅತ್ತೆಯ ಕೈಗೆ ಒನಕೆ ಕೊಟ್ಟಳು. ಮುದುಕ ಒನಕೆ ನೋಡಿದ, ಹೆಂಗಸರನ್ನು ನೋಡಿದ, ಬಾಯಿ ಮುಚ್ಚಿದ.

"ಯಾರಿವರು?" ಎಂದು ಕೇಳಿದ.

"ಧಾರವಾಡದ ದೊಡ್ಡ ಅಕ್ಕಾರು. ನಿನ್ನ ಗಡಿಗಿ ಒಡ್ಯಾಕ ಬಂದಾರ" ಅಂದಳು ಒಬ್ಬಳು.

"ಹೌದಾ. ನಮಸ್ಕಾರ್ರಿ" ಅಂದ ಅವನು, ಹೊಸ ಮಂದಿಗೆ ಅನ್ನುವಂತೆ. ಆಮೇಲೆ ಕಟ್ಟೆಯ ಮೇಲೆ ಕೂತ.

ಆ ಮನುಷ್ಯ ಒಂದು ಮಾತು ಆಡಿದ್ದರೆ ಸಾಕಾಗಿತ್ತು. ನಿಮ್ಮ ಅಕ್ಕಾವರೇ ಇದನ್ನು ತಿಂಗಳಿಗೆ ಮೂರು ಬಾಟಲಿ ಒಯ್ಯುತ್ತಾರೆ ಅಂದಿದ್ದರೆ ಅವನ ಗಡಿಗೆ ಉಳಿಯುತ್ತಿದ್ದವು. ಅನ್ನಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬಂತು, ಇಷ್ಟು ದೊಡ್ಡವನಾಗುವ ಅಗತ್ಯವೇನಿತ್ತು ಎಂದು. ನನ್ನ ಮೇಲೂ ಸಿಟ್ಟು ಬಂತು. ಅವನ ರೊಟ್ಟಿ ತಿಂದ ಬಾಯಿ ನನಗೂ ಇತ್ತು, ನಾನೂ ತೆರೆಯಲಿಲ್ಲ. ಅತ್ತೆ ಒಂದು ಏಟು ಹಾಕಿ ಟೆಂಪೋ ಹತ್ತಿದ್ದರೆ ಆಕೆಯ ಹೆಸರು ಹೆಸರಾಗಿಯೇ ಉಳಿಯುತ್ತಿತ್ತು. ಹಾಕದಿದ್ದರೆ ಹತ್ತು ವರ್ಷದ ಧರಣಿ, ಹಾರ, ಮೆರವಣಿಗೆ ಎಲ್ಲ ಆ ಅಂಗಳದಲ್ಲೇ ಮುಗಿಯುತ್ತಿತ್ತು. ಇಪ್ಪತ್ತು ಹೆಂಗಸರು ಆಕೆಯ ಕೈಯನ್ನೇ ನೋಡುತ್ತಿದ್ದರು.

ಅತ್ತೆ ಒನಕೆಯನ್ನು ನೆಲಕ್ಕೆ ಊರಿದಳು. ಶಾಲೆಯ ಪ್ರಾರ್ಥನೆಯಲ್ಲಿ ನಿಲ್ಲುವಂತೆ ನೆಟ್ಟಗೆ ನಿಂತಳು.

"ತಂಗಿ, ಈ ಮನುಷ್ಯಾ ನನಗ ಗೊತ್ತು. ಹನ್ನೆರಡು ವರ್ಷ ಆತು, ಇವನ ಕೈಯಾಗಿನ ಅರಿಷ್ಟ ನಾ ದಿನಾ ತೊಗೋತೇನಿ. ಇದು ಸಾರಾಯಿ ಅಲ್ಲ. ದ್ರಾಕ್ಷಿ, ಬೆಲ್ಲ, ಲವಂಗ. ಇದು ಔಷಧ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು, ಇನ್ನಾರೋ ಅವರನ್ನು ತಿವಿದರು. ಹಸಿರು ಸೀರೆಯವಳು ನಗಲಿಲ್ಲ.

"ನನ್ನ ಗಂಡಾನೂ ಹಂಗ ಅಂತಾನ್ರಿ ಅಕ್ಕಾರ" ಅಂದಳು. ಆಕೆಯ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಚಾವಡಿ ಗ್ವಾಡಿ ಮ್ಯಾಲೆ ಹನ್ನೊಂದು ಮಂದಿ ಹೆಸರು ಬರದೇವ್ರಿ, ಇಲ್ಲಿ ಬಂದು ಕುಡ್ಯಾವ್ರದು. ಮುಂದ ಅವ್ರು ಮನ್ಯಾಗ ಹೇಳೂ ನೆವಾನೂ ಬರದೇವಿ. ಒಬ್ಬಾಂವ ಸ್ವಾಂಟಕ್ಕ ಅಂತಾನ, ಒಬ್ಬಾಂವ ನಿದ್ದಿಗೆ ಅಂತಾನ. ನನ್ನ ಗಂಡ ವಾಯುಕ್ಕ ಅಂತಾನ್ರಿ. ನಾಕ ಚಮಚಾ ಅಂತಾನ. ಮೊನ್ನೆ ನಾಕ ಚಮಚಾ ಕುಡದು ಬಂದು ಈ ಬಳಿ ಒಡದ."

ಅತ್ತೆ ಕಟ್ಟೆಯ ಮೇಲೆ ಕೂತ ಮುದುಕನ ಕಡೆ ಹೊರಳಿದಳು.

"ಇವಳ ಗಂಡಗ ಕೊಟ್ಟಿರೇನು?"

"ಕೇಳಿದ, ಕೊಟ್ಟೆ" ಅಂದ ಮುದುಕ. "ಹೊಟ್ಟಿ ನೋವು ಅಂದ. ಹೊಟ್ಟಿ ಒಳಗ ಇಳದು ನೋಡಾಕ ನನಗ ಬರೂದಿಲ್ಲರಿ. ನೀವು ಬಂದಾಗೂ ನಾ ಕೇಳಿದ್ದಿಲ್ಲ."

ಅತ್ತೆ ತಲೆಯಾಡಿಸಿದಳು. ಆಮೇಲೆ ಒನಕೆಯನ್ನು ಹಸಿರು ಸೀರೆಯವಳ ಕೈಗೆ ಕೊಟ್ಟಳು.

"ನೀ ಹೊಡಿ. ನಾ ಹೊಡದ್ರ ಸುಳ್ಳಾಕತಿ."

ಆ ಹೆಣ್ಣುಮಗಳು ಹೊಡೆದಳು. ಒಂದು, ಎರಡು, ಮೂರು. ಪ್ರತಿ ಏಟಿಗೂ ದ್ರಾಕ್ಷಿ ಲವಂಗದ ವಾಸನೆ ಅಂಗಳದ ತುಂಬ ಎದ್ದಿತು. ಮಲಪ್ರಭೆಯ ಆಚೆ ಈಚೆ ಎಲ್ಲೂ ಸಿಗದ ಆ ಕೆಂಪು ರಸ ಮಣ್ಣಿನಲ್ಲಿ ಹರಿದು ಹಗೇವಿನ ಬಾಯಿಗೆ ಇಳಿಯಿತು. ನನಗೆ ಕಣ್ಣೀರು ಬಂತು, ಅದರಲ್ಲಿ ಎಷ್ಟು ಮರುಕ, ಎಷ್ಟು ಆಸೆ ಎಂದು ಈಗಲೂ ಬಿಡಿಸಿ ಹೇಳಲಾರೆ. ಆರನೆಯದು ಒಡೆದ ಮೇಲೆ ಆಕೆ ಸಣ್ಣ ಗಡಿಗೆಯ ಮುಂದೆ ನಿಂತು ದಮ್ಮು ತೆಗೆದುಕೊಂಡಳು.

"ಅದು ಬಾಣಂತ್ಯಾರಿಗೆ ಕೊಡೂದು ತಾಯಿ. ದಶಮೂಲ" ಅಂದ ಮುದುಕ.

ಆಕೆ ಒನಕೆ ಎತ್ತಿದವಳು ಹಾಗೇ ನಿಂತಳು. ಹಿಂದಿನಿಂದ ಒಬ್ಬ ಮುದುಕಿ, "ಬಿಡ ಯವ್ವಾ, ನಿನ್ನ ಮಗಳು ಹುಟ್ಟಿದಾಗ ನೀನೂ ಅದನ್ನ ಕುಡದೀದಿ" ಅಂದಳು. ಒನಕೆ ಕೆಳಗಿಳಿಯಿತು.

ಹೊರಡುವಾಗ ಅತ್ತೆ ಮುದುಕನ ಮುಂದೆ ನಿಂತು, "ಸಿಟ್ಟಾಗಿರೇನು?" ಎಂದು ಕೇಳಿದಳು. ಅವನು ಒಡೆದ ಗಡಿಗೆಯ ಬೋಕಿಯೊಂದನ್ನು ಕಾಲಿನಿಂದ ಸರಿಸಿದ. "ತೊಂಬತ್ತೆರಡು ಹಾಕಿದ ಮಾಸ್ತರ ಮ್ಯಾಲೆ ಸಿಟ್ಟು ಹ್ಯಾಂಗ ಮಾಡ್ಲಿರಿ?" ಅಂದ. ಆದರೆ ಆಕೆಯ ಮುಖ ನೋಡಲಿಲ್ಲ. ಆ ಮನೆಗೆ ನಾವು ಮತ್ತೆ ಹೋಗಲಿಲ್ಲ. ಬರ್ರಿ ಎಂದು ಅವನೂ ಹೇಳಿ ಕಳಿಸಲಿಲ್ಲ.

ಟೆಂಪೋದಲ್ಲಿ ಯಾರೂ ಹಾಡಲಿಲ್ಲ. ಹೊಳೆ ದಾಟಿ ಹೆಂಗಸರ ಊರಿಗೆ ಬಂದಾಗ ಅವರೆಲ್ಲ ಇಳಿದರು. ನಮ್ಮನ್ನು ಧಾರವಾಡಕ್ಕೆ ಬಿಡಲು ಡ್ರೈವರ್ ಗಾಡಿ ತಿರುಗಿಸುತ್ತಿದ್ದ. ಅತ್ತೆ, "ಸ್ವಲ್ಪ ತಡಿ" ಅಂದು ತಾನೂ ಇಳಿದಳು. ಚಾವಡಿಯ ಸುಣ್ಣದ ಗೋಡೆಯ ಮುಂದೆ ಹೋಗಿ ನಿಂತಳು. ಸೀಮೆಸುಣ್ಣ ಬೆಳ್ಳಗಿನ ಗೋಡೆಯ ಮೇಲೆ ಕಾಣುವುದಿಲ್ಲವಲ್ಲ, ಅವರು ಇದ್ದಿಲಿನಿಂದ ಬರೆದಿದ್ದರು. ಹನ್ನೊಂದು ಹೆಸರು, ಸೊಟ್ಟ ಅಕ್ಷರ, ಮುಂದೆ ಒಂದೊಂದು ನೆವ. ಅತ್ತೆ ಕೈ ಚಾಚಿದಳು. ಹಸಿರು ಸೀರೆಯವಳು ಮೊದಲು ತಿಳಿಯದೆ ನಿಂತಳು, ಆಮೇಲೆ ಗೋಡೆಯ ಬುಡದಲ್ಲಿದ್ದ ಇದ್ದಿಲಿನ ತುಂಡು ಎತ್ತಿಕೊಟ್ಟಳು.

"ಬ್ಯಾಡ್ರಿ ಅಕ್ಕಾರ. ನೀವು ಯಾರಿಗೂ ಹೊಡದಿಲ್ಲ, ಬಡದಿಲ್ಲ" ಅಂದಳು.

"ಪಟ್ಟಿ ಹೊಡದವರದಲ್ಲ, ಕುಡದವರದು" ಅಂದಳು ಅತ್ತೆ.

ಹನ್ನೆರಡನೆಯ ಸಾಲಿನಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಪೂರ್ತಿ ಬರೆದಳು. ಕಪ್ಪುಹಲಗೆಯ ಮೇಲೆ ಬರೆದು ಪಳಗಿದ ಕೈ, ಗೆರೆ ಹಾಕಿಟ್ಟಂತೆ ನೆಟ್ಟಗೆ. ಮುಂದಿನ ಅಂಕಣಕ್ಕೆ ಬಂದಾಗ ಕೈ ನಿಂತಿತು. ಮೇಲಿನಿಂದ ಓದುತ್ತ ಬಂದಳು: ಸೊಂಟಕ್ಕೆ, ನಿದ್ದೆಗೆ, ಹಲ್ಲುನೋವಿಗೆ, ವಾಯುಕ್ಕೆ. ನಾನು ಆಕೆಯ ಹಿಂದೆಯೇ ನಿಂತಿದ್ದೆ. ವಾಯುಕ್ಕೆ ಎಂದೇ ಬರೆಯುತ್ತಾಳೆ ಅಂದುಕೊಂಡೆ. ಅದು ಸುಳ್ಳೂ ಆಗುತ್ತಿರಲಿಲ್ಲ.

ಅತ್ತೆ ಇದ್ದಿಲು ಒತ್ತಿ ಹಿಡಿದು, "ಖುಷಿಗೆ" ಎಂದು ಬರೆದಳು. ಇದ್ದಿಲನ್ನು ಹಸಿರು ಸೀರೆಯವಳ ಬೋಳುಗೈಗೆ ತಿರುಗಿ ಕೊಟ್ಟು, ಸೆರಗಿನಿಂದ ಬೆರಳು ಒರೆಸಿಕೊಳ್ಳುತ್ತ ಟೆಂಪೋ ಹತ್ತಿದಳು.